ಹೆಸರು ಹೇಳಲಿಲ್ಲ, ಅರ್ಥ ಮಾತ್ರ ಹೇಳಿದೆ

ಗುಟ್ಟು ಕಾಪಾಡುವುದರಲ್ಲಿ ಇಡೀ ನ್ಯೂಜೆರ್ಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಈ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಯೂ ಇದ್ದೆ.

ನನ್ನ ಮಗಳು ಅಂಜಲಿ ಇರುವುದು ಮೆಟುಚೆನ್‌ನಲ್ಲಿ. ಏಳು ತಿಂಗಳ ಬಸುರಿ. ಒಂದು ಭಾನುವಾರ ಪಾರ್ಸಿಪನಿಯ ನಮ್ಮ ಮನೆಗೆ ಬಂದವಳು ಸೋಫಾದ ಮೇಲೆ ಕಾಲು ಚಾಚಿ ಕುಳಿತು ಘೋಷಿಸಿದಳು: “ಅಮ್ಮಾ, ಮಗುಗೆ ಇಂಗ್ಲಿಷ್ ಹೆಸರು ಬೇಕು. ಅನ್‌ಯೂಶುವಲ್ ಆಗಿರಬೇಕು. ನಮ್ಮವರಲ್ಲಿ ಯಾರೂ ಇಟ್ಟಿರಬಾರದು.”

“ಇಂಗ್ಲಿಷ್ ಯಾಕೇ? ನಮ್ಮಲ್ಲಿ ಹೆಸರಿಗೇನು ಬರಾನಾ?”

“ನನ್ನ ಕ್ಲಾಸಲ್ಲಿ ನಾಲ್ಕು ಜನ ಅಂಜಲಿ ಇದ್ರು. ಅಂಜಲಿ ಪಿ, ಅಂಜಲಿ ಆರ್, ಅಂಜಲಿ ಎಸ್, ನಾನು ಅಂಜಲಿ ಕೆ. ಹನ್ನೆರಡು ವರ್ಷ ನಾನು ಜಸ್ಟ್ ಒಂದು ಇನಿಷಿಯಲ್ ಆಗಿದ್ದೆ, ಅಮ್ಮಾ. ನನ್ನ ಮಗಳಿಗೆ ಅದು ಬೇಡ.”

ನನಗೆ ಚುರುಕ್ ಎಂದಿತು. ಬಲು ಅಪರೂಪದ ಹೆಸರೆಂದು ಮೆರೆಯುತ್ತ ಅದನ್ನು ಇಟ್ಟವಳು ನಾನೇ. ಎಡಿಸನ್ ಸುತ್ತಮುತ್ತಲಿನ ಅಷ್ಟೂ ತಾಯಂದಿರಿಗೆ ಅದೇ ವರ್ಷ ಅದೇ ಬುದ್ಧಿ ಬಂದಿದ್ದು ಆಮೇಲೆ ಗೊತ್ತಾಯಿತು. ಸರಿ, ಪ್ರಾಯಶ್ಚಿತ್ತಾರ್ಥವಾಗಿ ನಾಮಾನ್ವೇಷಣೆಯ ಸಕಲ ಹೊಣೆಯನ್ನೂ ನಾನೇ ವಹಿಸಿಕೊಂಡೆ.

ಇಂಗ್ಲಿಷ್ ಹೆಸರುಗಳಿಗೆ ಅರ್ಥವೇ ಇರುವುದಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಇರುತ್ತದೆ. ಇಲ್ಲದಿದ್ದರೇ ಚೆನ್ನಾಗಿತ್ತು! ಕ್ಯಾಲ್ವಿನ್ ಎಂದರೆ ಬೋಳುತಲೆ. ಕ್ಲಾಡಿಯಾ ಎಂದರೆ ಕುಂಟಿ. ಬೈರನ್ ಎಂದರೆ ದನದ ಕೊಟ್ಟಿಗೆ. ಪೋರ್ಷಿಯಾ ಎಂಬ ರಾಣಿಯಂಥ ಹೆಸರಿನ ಮೂಲ ಹುಡುಕಿಕೊಂಡು ಹೋದರೆ ಅಲ್ಲಿ ಹಂದಿ ನಿಂತಿತ್ತು. ನಮ್ಮ ಆಫೀಸಿನ ಬಾಸ್ ಕ್ಯಾಮರನ್ ಹೆಸರಿಗೆ ಸೊಟ್ಟಮೂಗ ಎಂದು ಅರ್ಥವಂತೆ. ಮರುದಿನ ಮೀಟಿಂಗಿನಲ್ಲಿ ಅವನು ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ. “ಈಸ್ ದೇರ್ ಸಮ್‌ಥಿಂಗ್ ಆನ್ ಮೈ ಫೇಸ್?” ಎಂದು ಅವನೇ ಕೇಳಿದ. ನಿಜ ಹೇಳಬೇಕೆಂದರೆ, ಸ್ವಲ್ಪ ಸೊಟ್ಟ ಇತ್ತು.

ಒಂದು ನೋಟ್‌ಬುಕ್ ಕೊಂಡು ಎಡಪುಟದಲ್ಲಿ ‘ಇಡಬಹುದು’, ಬಲಪುಟದಲ್ಲಿ ‘ಪ್ರಾಣ ಹೋದರೂ ಬೇಡ’ ಎಂದು ಬರೆದುಕೊಂಡೆ. ಬಲಪುಟಗಳು ಬೇಗ ತುಂಬಿದವು. ಮೂರು ವಾರ ತಡಕಾಡಿದ ಮೇಲೆ ಎಡಪುಟದಲ್ಲಿ ಒಂದು ರತ್ನ ಸಿಕ್ಕಿತು. ವೆರಿಟಿ! ಅರ್ಥ, ಸತ್ಯ.

ಅಂಜಲಿ ಅದನ್ನು ನಾಲ್ಕು ಸಲ ಹೇಳಿ ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಹಾಯ್ ವೆರಿಟಿ” ಎಂದಳು. ಅವಳ ಕಣ್ಣು ತುಂಬಿತು. ನನ್ನದೂ.

“ಅಮ್ಮಾ, ಮಗು ಹುಟ್ಟೋವರೆಗೂ ಈ ಹೆಸರು ಯಾರಿಗೂ ಹೇಳಬಾರದು. ಪ್ರಾಮಿಸ್?”

“ನಿನ್ನಾಣೆಗೂ ಹೇಳಲ್ಲ.”

ನಮ್ಮ ಯಜಮಾನರು ಫೋನಿನಿಂದ ತಲೆ ಎತ್ತದೆ, “ಪ್ರಾಮಿಸ್ ಬೇಡ ಕಣಮ್ಮ, ಟೇಪ್ ಹಾಕು” ಎಂದರು. ಅವರ ಕಾಫಿಗೆ ಅವತ್ತು ಸಕ್ಕರೆ ಬೀಳಲಿಲ್ಲ.

ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿ ಪಾಟ್‌ಲಕ್‌ನಲ್ಲಿ, ಬಿಸಿಬೇಳೆಭಾತಿನ ಸಾಲಿನಲ್ಲಿ, ಸಮರ್‌ಸೆಟ್‌ನ ವಸುಂಧರಾ ನನ್ನ ಹಿಂದೆಯೇ ನಿಂತಿದ್ದರು. ಅವರ ಸೊಸೆ ರಮ್ಯಾಗೂ ದಿನ ಹತ್ತಿರ. ನಮ್ಮ ಅಂಜಲಿಗಿಂತ ಮೂರು ವಾರ ಮುಂಚೆ.

“ಹೆಸರು ಹುಡುಕಿದ್ರಂತೆ, ನಳಿನಿ? ಏನ್ರೀ ಅದು?”

“ಅಯ್ಯೋ, ಹೇಳೋ ಹಾಗಿಲ್ಲ ವಸುಂಧರಾ. ಆಣೆ ಇಟ್ಟಿದ್ದೀನಿ.”

ಅವರು ಒಪ್ಪಿಕೊಂಡು ಸುಮ್ಮನಾದರು. ಒಂದು ಸಲಕ್ಕೇ ಸುಮ್ಮನಾಗಿಬಿಟ್ಟರಲ್ಲ, ಅದೇ ನನಗೆ ತಡೆಯಲಾಗಲಿಲ್ಲ! ಮೂರು ವಾರ ಹಗಲಿರುಳು ದುಡಿದಿದ್ದೇನೆ, ಇನ್ನೊಂದು ಸಲ ಕೇಳಬಾರದೇ? ಭಾತು ಬಡಿಸಿಕೊಳ್ಳುತ್ತ ನಾನೇ ಅಂದೆ: “ಹೆಸರು ಹೇಳಲ್ಲ. ಬೇಕಾದ್ರೆ ಅರ್ಥ ಹೇಳ್ತೀನಿ. ಸತ್ಯ ಅಂತ. ಎಷ್ಟು ಚೆನ್ನಾಗಿದೆ ಅಲ್ವಾ?”

ಕಾನೂನಿನ ದೃಷ್ಟಿಯಿಂದ ನಾನು ಸಂಪೂರ್ಣ ನಿರಪರಾಧಿ. ಹೆಸರು ನನ್ನ ಬಾಯಿಂದ ಹೊರಬಿದ್ದಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಸಂಯಮವನ್ನು ನಾನೇ ಮೆಚ್ಚಿಕೊಂಡೆ.

ಎರಡು ವಾರ ಕಳೆಯಿತು. ವಸುಂಧರಾ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಗುಲಾಬಿ ಟೋಪಿಯ ಕೂಸು. ಕೆಳಗೆ, “ವೆಲ್‌ಕಮ್ ಬೇಬಿ ವೆರಿಟಿ! ನಿಮ್ಮ ಅರ್ಥ ತುಂಬ ಹಿಡಿಸ್ತು ಕಣ್ರೀ. ರಮ್ಯಾ ಗೂಗಲ್ ಮಾಡಿದಳು, ಎರಡೇ ನಿಮಿಷ!”

ಓಡಿಹೋಗಿ ಯಜಮಾನರಿಗೆ ತೋರಿಸಿದೆ. “ಅಂಜಲಿಗೆ ಈಗಲೇ ಫೋನ್ ಮಾಡಿ ಹೇಳಿಬಿಡು” ಎಂದರು. ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಮಾತು ಇದೊಂದೇ. ಆದ್ದರಿಂದ ನಾನು ಅದನ್ನು ಕೇಳಲಿಲ್ಲ.

ವಸುಂಧರಾ ಮನೆಯವರು ಬರ್ತ್ ಸರ್ಟಿಫಿಕೇಟಿಗೆ ಹೆಸರು ಕೊಡುವ ಮೊದಲೇ ಬದಲಾಯಿಸಿಬಿಟ್ಟರಾಯಿತು ಎಂದು ಲೆಕ್ಕ ಹಾಕಿ, ಬೆಳ್ಳಿ ಬಟ್ಟಲು ಮತ್ತು ನನ್ನ ನೋಟ್‌ಬುಕ್ ಹಿಡಿದು ಸಮರ್‌ಸೆಟ್‌ಗೆ ಡ್ರೈವ್ ಮಾಡಿದೆ. ಆದರೆ ಫಾರ್ಮ್ ಆಸ್ಪತ್ರೆಯಲ್ಲೇ ತುಂಬಿ ಆಗಿತ್ತು. ನಾನು ಸೋಲಲಿಲ್ಲ.

“ಫಾರ್ಮ್ ಬದಲಾಯಿಸಬಹುದು. ವೆರಿಟಿ ಸ್ವಲ್ಪ ಒರಟು ಅನ್ನಿಸಲ್ವಾ?” ಎಂದು ಶುರುಮಾಡಿದೆ. “ನನ್ನ ಹತ್ರ ಇನ್ನೂ ಒಳ್ಳೊಳ್ಳೆ ಹೆಸರಿದೆ.” ಗಡಿಬಿಡಿಯಲ್ಲಿ ನೋಟ್‌ಬುಕ್ ತೆರೆದು, ಕಣ್ಣಿಗೆ ಬಿದ್ದ ಮೊದಲ ಮುದ್ದಾದ ಹೆಸರನ್ನು ಓದಿದೆ. “ಮ್ಯಾಲರಿ! ಎಷ್ಟು ಇಂಪಾಗಿದೆ ನೋಡಿ. ನಿಮ್ಮ ಮಗುಗೆ ಹೇಳಿ ಮಾಡಿಸಿದ ಹಾಗಿದೆ.”

ರಮ್ಯಾ ಫೋನ್ ತೆಗೆದಳು. ಎರಡು ನಿಮಿಷವೂ ಬೇಕಾಗಲಿಲ್ಲ. “ಆಂಟಿ,” ಎಂದಳು. “ಇಟ್ ಮೀನ್ಸ್ ಅನ್‌ಲಕ್ಕಿ.”

ನಾನು ನೋಟ್‌ಬುಕ್ ನೋಡಿದೆ. ಬಲಪುಟ!

ವಸುಂಧರಾ ಬೆಳ್ಳಿ ಬಟ್ಟಲನ್ನು ನನ್ನ ಕೈಗೇ ವಾಪಸ್ ಇಟ್ಟರು. “ಹಸುಗೂಸಿಗೆ ನತದೃಷ್ಟೆ ಅಂತ ಹೆಸರಿಡಿ ಅಂತೀರಲ್ಲ ನಳಿನಿ, ನಾವೇನು ಅನ್ಯಾಯ ಮಾಡಿದ್ವಿ ನಿಮಗೆ?” ನಾನು ಕಾರು ಸ್ಟಾರ್ಟ್ ಮಾಡುವಾಗ ಕಿಟಕಿಯಲ್ಲಿ ಅವರು ಮಗುವಿಗೆ ದೃಷ್ಟಿ ತೆಗೆಯುತ್ತಿದ್ದರು. ದೃಷ್ಟಿ ಯಾರದು ಎಂದು ಕೇಳುವ ಅಗತ್ಯವಿರಲಿಲ್ಲ.

ನಾನು ಮನೆ ಸೇರುವಷ್ಟರಲ್ಲಿ ಅವರು ಅಂಜಲಿಗೆ ಫೋನ್ ಮಾಡಿ ನನ್ನ ಮೇಲೆ ದೂರು ಹೇಳಿ ಮುಗಿಸಿದ್ದರು. ಕೂಡಲೇ ಅಂಜಲಿಯ ಫೋನ್ ಬಂತು. ಅವಳು ನನ್ನ ಮೇಲೆ ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ.

“ನಾನು ಹೆಸರು ಹೇಳಲೇ ಇಲ್ಲ ಕಣೇ! ಅರ್ಥ ಮಾತ್ರ…”

“ಅಮ್ಮಾ, ಕನ್ನಡದೋರಿಗೆ ಅರ್ಥ ಹೇಳೋದೂ ಒಂದೇ, ಪಾಸ್‌ವರ್ಡ್ ಕೊಡೋದೂ ಒಂದೇ. ಸಂಡೇ ಕನ್ನಡ ಕ್ಲಾಸಲ್ಲಿ ಇಬ್ಬರೂ ಒಂದೇ ಬೆಂಚಲ್ಲಿ ಕೂತ್ಕೋತಾರೆ. ನನ್ನ ಮಗಳೂ ಇನಿಷಿಯಲ್ ಆಗ್ತಾಳೆ.” ಅಳುತ್ತಿದ್ದಳು. ತುಂಬಿದ ಬಸುರಿಯನ್ನು ಅಳಿಸಿದ ತಾಯಿ ನಾನು. ಅವತ್ತು ನನಗೆ ಊಟ ಸೇರಲಿಲ್ಲ.

ಮಗು ಹುಟ್ಟಿತು. ಮುದ್ದಾಗಿತ್ತು, ಮೂಗು ನೆಟ್ಟಗಿತ್ತು. ಹೊಸ ಹೆಸರೊಂದು ನಿಶ್ಚಯವಾಗಿದೆ ಎಂದೂ ತಿಳಿಯಿತು. ಯಾವುದೆಂದು ಮಾತ್ರ ನನಗೆ ಹೇಳಲಿಲ್ಲ. ಅಳಿಯ ನಿಖಿಲ್‌ನನ್ನು ಕೇಳಿದರೆ, “ಅತ್ತೆ, ನಾನು ಇನ್ನೂ ಈ ಮನೇಲಿ ಬಾಳಬೇಕು” ಎಂದ. ಯಜಮಾನರಿಗೆ ಗೊತ್ತಿತ್ತು. ಮೂವತ್ತೈದು ವರ್ಷದ ದಾಂಪತ್ಯದ ಹೆಸರಿನಲ್ಲಿ ಕೇಳಿದೆ. ಟಿವಿ ಸೌಂಡ್ ಜಾಸ್ತಿ ಮಾಡಿದರು. ಪುರೋಹಿತರಿಗೆ ಗೊತ್ತಿತ್ತು. ಕೇಕಿನ ಮೇಲೆ ಹೆಸರು ಬರೆದ ಬೇಕರಿಯವನಿಗೂ ಗೊತ್ತಿತ್ತು. ಆ ಕೇಕಿನ ಡಬ್ಬಕ್ಕೆ ಅಂಜಲಿ ಎರಡು ಸುತ್ತು ಟೇಪ್ ಹಾಕಿದ್ದಳು. ಹತ್ತು ದಿನ ನಾನು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ‘ಪುಟ್ಟೀ’ ಎಂದು ಕರೆಯುತ್ತ.

ಹನ್ನೊಂದನೇ ದಿನ ನಾಮಕರಣ. ನಿಖಿಲ್‌ನ ತಂಗಿ, ಅಂದರೆ ಮಗುವಿನ ಸೋದರತ್ತೆ, ತೊಟ್ಟಿಲಿನ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೆಸರು ಉಸುರಿದಳು. ನಾನು ತೊಟ್ಟಿಲಿನ ಈ ಕಡೆಯಿಂದ ಕತ್ತು ಉದ್ದ ಮಾಡಿದೆ. ಒಂದಕ್ಷರ ಕೇಳಿಸಲಿಲ್ಲ.

ಹನ್ನೊಂದು ದಿನದ ಕೂಸಿಗೂ ನನಗಿಂತ ಮೊದಲೇ ಹೆಸರು ಗೊತ್ತಾಯಿತು. ಅದು ಕಣ್ಣು ಬಿಟ್ಟು ನನ್ನನ್ನು ಒಮ್ಮೆ ನೋಡಿತು. ಆಕಳಿಸಿತು. ಬಾಯಿ ಮುಚ್ಚಿಕೊಂಡಿತು.