ಗಜಗದೆ ಹಿಡಿದು ಕಿಟಕಿ ಕಳೆದುಕೊಂಡದ್ದು

ರಂಜನಾಳನ್ನು ನಾನು ಮೊದಲ ಸಲ ಕಂಡ ದಿನವೇ ನನ್ನ ಹೆಂಡತಿ ಅವಳ ದಾಳವೊಂದನ್ನು ಬಾಯಿಗೆ ಹಾಕಿಕೊಂಡುಬಿಟ್ಟಳು!

ಹುಡುಗಿ ಸಾವಳಗಿಯವಳು. ಸಮೀರವಾಡಿ ಕಡೆಯ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಬನಹಟ್ಟಿಯ ನಮ್ಮ ಮನೆಯ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದಿದ್ದಳು. ಗುರುತಿನ ಚೀಟಿ ತೋರಿಸಲೆಂದು ಕೈಚೀಲ ತೆರೆದಾಗ ಒಳಗಿದ್ದ ಸಣ್ಣ ಗಂಟೊಂದು ಬಿಚ್ಚಿ, ಬಣ್ಣಬಣ್ಣದ ಗಾಜಿನಂಥ ಹರಳುಗಳು ಪಡಸಾಲೆಯ ತುಂಬ ಉರುಳಿದವು. ನನ್ನ ಹೆಂಡತಿ ಭಾಗವ್ವ ಕೆಂಪನೆಯದೊಂದನ್ನು ಹೆಕ್ಕಿದಳು, ಸೆರಗಿಗೆ ಒರೆಸಿದಳು, ಬಾಯಿಗೆ ಎಸೆದುಕೊಂಡಳು. ಕಟ್!

"ಕಾಕೂ! ಅದು ಇಪ್ಪತ್ತ ಮುಖದ ದಾಳರೀ!"

"ಸಕ್ಕರಿ ಕಾರ್ಖಾನಿಯಾಕಿ ಬಂದಾಳ, ಸಕ್ಕರಿ ಗೊಂಬಿ ತಂದಾಳ ಅಂತ ತಿಳಕೊಂಡ್ನೆವ್ವಾ," ಎಂದು ಭಾಗವ್ವ ದವಡೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಖೋಲಿ ಈಕಿಗೇ ಕೊಡ್ರಿ. ಹಲ್ಲ ಉಳದಾವು, ಶುಭ ಶಕುನ."

ಹೀಗೆ ಆ ದಾಳಗಳು ನಮ್ಮ ಮನೆ ಹೊಕ್ಕವು. ಅವುಗಳ ಆಟದಲ್ಲಿ ನಿಯಮಗಳದೇ ಒಂದು ದಪ್ಪ ಪುಸ್ತಕವಿದೆ ಎಂದು ತಿಳಿದಾಗ ನನ್ನ ಮೀಸೆ ತಾನಾಗಿ ಮೇಲೇರಿತು. ಜಮಖಂಡಿ, ಮುಧೋಳ, ಬೀಳಗಿ ಎಂದು ಮೂರು ತಾಲೂಕುಗಳ ಶಾಲೆಗಳಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದವನು ನಾನು. ಸೂತ್ರಗಳ ಕಾಡಿನಲ್ಲಿ ಹುಲಿಯಂತೆ ತಿರುಗಿದವನು! ಈ ಆಟವನ್ನು ನಾನು ಗೆಲ್ಲದೆ ಇನ್ನಾರು ಗೆದ್ದಾರು? ಗೆದ್ದೇ ತೀರುವೆನೆಂದು ಅಂದೇ ಸಂಕಲ್ಪ ಮಾಡಿದೆ.

ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆಯ ಚಿಮಣಿ ತಣ್ಣಗಾದ ಮೇಲೆ ರಂಜನಾಳಿಗೆ ರವಿವಾರಗಳು ದೊರೆತವು. ಆಟ ಶುರುವಾಯಿತು. ಅದು ಕುಳಿತಲ್ಲೇ ಆಡುವ ಬಯಲಾಟ ಎನ್ನಿ. ವೇಷವಿಲ್ಲ, ರಂಗವಿಲ್ಲ, ಮೇಜು, ದಾಳ, ಬಾಯಿ ಇದ್ದರೆ ಸಾಕು. ಕಥೆ ನಡೆಸುವವಳು ರಂಜನಾ. ಕೋಟೆ, ಗುಹೆ, ರಾಕ್ಷಸರೆಲ್ಲ ಅವಳ ವಶ. ಉಳಿದವರು ಒಂದೊಂದು ಪಾತ್ರ. "ಕತ್ತಿ ಬೀಸಿದೆ" ಎಂದು ಹೇಳಿ ದಾಳ ಉರುಳಿಸಬೇಕು. ಬಿದ್ದ ಅಂಕಿಗೆ ನಮ್ಮ ಶಕ್ತಿಗೆ ತಕ್ಕ ಕೊಸರು ಸೇರಿಸಬೇಕು. ಮೊತ್ತ ಸಾಕಷ್ಟಾದರೆ ಪೆಟ್ಟು ಬಿತ್ತು, ಇಲ್ಲವಾದರೆ ಗಾಳಿಗೆ ಹೋಯಿತು.

ಶಕ್ತಿ, ಚುರುಕು, ಬುದ್ಧಿ ಇವುಗಳಿಗೆ ಅಂಕಗಳನ್ನು ನಾವೇ ಹಂಚಿಕೊಳ್ಳಬೇಕು. ನಾನು ವೀರ ರಣಭೈರವನಾದೆ. ಇದ್ದಬದ್ದ ಅಂಕಗಳನ್ನೆಲ್ಲ ಶಕ್ತಿಗೆ ಸುರಿದೆ. ಶಕ್ತಿ ಹದಿನೆಂಟು!

ಭಾಗವ್ವ ಬಗ್ಗಿ ನೋಡಿದಳು. "ಬುದ್ಧಿ ಬರೇ ಆರು ಹಾಕ್ಕೊಂಡಿರಿ?"

"ವೀರನಿಗೆ ಅಷ್ಟು ಸಾಕು."

"ಅಷ್ಟು ಮಾತ್ರ ಖರೆ ಬರದ್ರಿ ನೋಡ್ರಿ."

ಅವಳು ಗಿಡಮೂಲಿಕೆಯ ಮುದುಕಿಯ ಪಾತ್ರ ಹಿಡಿದಳು. ಶಕ್ತಿ ಐದು! ಗಾಳಿ ಬೀಸಿದರೆ ಹಾರಿಹೋಗುವಷ್ಟು. ಪಕ್ಕದ ಮನೆಯ ಚನಮಲ್ಲಪ್ಪ, ವಿದ್ಯುತ್ ಮಗ್ಗಗಳ ಮಾಲೀಕ, ನನ್ನ ಗೆಳೆಯ, ಕಳ್ಳನ ಪಾತ್ರವನ್ನು ಕೇಳಿ ಪಡೆದ.

ಇಲ್ಲಿ ಮನೆಯೊಳಗಿನ ಒಂದು ಮಾತು ಹೇಳಲೇಬೇಕು. ನಮ್ಮ ಪಡಸಾಲೆಗೆ ಇರುವುದು ಒಂದೇ ಕಿಟಕಿ. ಅದರ ಕೆಳಗೆ ನನ್ನ ಆರಾಮಕುರ್ಚಿ. ಭಾಗವ್ವ ಓಣಿಯ ಹೆಣ್ಣುಮಕ್ಕಳಿಗೆ ಖಣದ ಕುಬುಸ ಹೊಲಿದುಕೊಡುತ್ತಾಳೆ. ಅವಳ ಹೊಲಿಗೆ ಯಂತ್ರ ಅಡುಗೆಮನೆಯ ಪಕ್ಕದ ಕತ್ತಲ ನಡುಮನೆಯಲ್ಲಿ. ಕಿಟಕಿಯ ಜಾಗ ಬೇಕೆಂದು ಅವಳು, ಕೊಡೆನೆಂದು ನಾನು. ಇದು ನಮ್ಮ ಮನೆಯ ನಿತ್ಯ ಪಾರಾಯಣ.

ಕೋಟೆಯೊಂದರ ರಾಕ್ಷಸನನ್ನು ಕೊಲ್ಲುವ ಕಥೆ ಶುರುವಾದ ಅಂದೂ ಆ ಮಾತು ಬಂತು. "ಸೂಜ್ಯಾಗ ದಾರ ಹಾಕೂದ್ರಾಗ ನನ್ನ ಕಣ್ಣ ಹೊಂಟಾವು. ಇವರ ಕುರ್ಚಿ ಮಾತ್ರ ಸರಿಯಂಗಿಲ್ಲ," ಎಂದಳು ಭಾಗವ್ವ, ಎಲ್ಲರೆದುರಿಗೆ.

ಹದಿನೆಂಟು ಶಕ್ತಿಯವನು ಸುಮ್ಮನಿರುತ್ತಾನೆಯೇ? ಎದ್ದು ನಿಂತೆ. "ಕೇಳು! ಕ್ವಾಟ್ಯಾಗಿನ ರಾಕ್ಷಸನ್ನ ನೀ ಕೊಂದ್ರ ಕಿಟಕಿ ನಿಂದು. ನಾ ಕೊಂದ್ರ ಈ ಮಾತು ಮತ್ತ ತಗೀಬಾರದು!"

"ಚನಮಲ್ಲಪ್ಪಣ್ಣ, ನೀವು ಸಾಕ್ಷಿ," ಎಂದಳು ಭಾಗವ್ವ, ತಣ್ಣಗೆ.

ಕೋಟೆಯ ದಾರಿಯಲ್ಲಿ ಒಂದು ಹಾಳು ಬಾವಿ. ಎಲ್ಲರೂ ಮುಂದೆ ಹೋದರೂ ಮುದುಕಿ ಇಣುಕಿದಳು. ಒಳಗೆ ಫಳಫಳ ಹೊಳೆಯುವ ಗದೆ! ರಂಜನಾ ಗಂಭೀರವಾಗಿ ಓದತೊಡಗಿದಳು: "ಇದರ ಹೆಸರು ಗಜಗದೆ. ಇದನ್ನು ಒಲಿಸಿಕೊಂಡು ಹಿಡಿದವರ ಶಕ್ತಿ ಹತ್ತೊಂಬತ್ತು..."

ನನ್ನ ತಲೆಯೊಳಗೆ ಗಂಟೆ ಬಾರಿಸಿತು. ಹದಿನೆಂಟಕ್ಕೆ ಹತ್ತೊಂಬತ್ತು ಕೂಡಿದರೆ ಮೂವತ್ತೇಳು! ಮೂವತ್ತೇಳು ಶಕ್ತಿಯವನೆದುರು ರಾಕ್ಷಸನೇನು, ಕೋಟೆಯೇ ಮಂಡಿಯೂರಬೇಕು!

"ಗದಾ ನನಗ!"

"ಸರ್ರ, ಇನ್ನೂ ಐತ್ರಿ, ಪೂರಾ ಕೇಳ್ರಿ..."

"ಬ್ಯಾಡ ತಂಗಿ! ನಿಯಮ ನನಗ ಹೇಳ್ತೀ?"

"ಸಿಕ್ಕದ್ದು ನನಗ," ಎಂದಳು ಭಾಗವ್ವ. "ಸುಮ್ಮನ ಹೆಂಗ ಕೊಡಲಿ?"

"ನನ್ನ ಗುರಾಣಿ ತಗೋ."

"ಅಷ್ಟ?"

"ಗಾಯದ ಮುಲಾಮೂ ತಗೋ!"

"ಕುದರಿ?"

"ಕುದರೀನೂ ತಗೊಂಡ ಹೋಗ!"

ಚನಮಲ್ಲಪ್ಪ ಕೈಮುಗಿದ. "ಮಾಸ್ತರ್ರ, ಉಟ್ಟ ಧೋತರ ಒಂದರ ಇಟಗೊಳ್ರಿ."

ಗದೆಯನ್ನು ಒಲಿಸಿಕೊಳ್ಳುವ ಬಗೆ ಇದು: ಪಾತ್ರಗಳ ಒಂದು ಪೂರ್ಣ ವಿಶ್ರಾಂತಿ ಮುಗಿಯುವವರೆಗೆ ಅದನ್ನು ಹಿಡಿದು ಮೌನವಾಗಿ ಕುಳಿತಿರಬೇಕು. ಆಟದಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಸಾಕಿತ್ತು. ಆದರೆ ನಾನು ಅರ್ಧಂಬರ್ಧ ಮಾಡುವವನಲ್ಲ! ಅಡುಗೆಮನೆಯಿಂದ ಒನಕೆ ತಂದೆ. ಎಲ್ಲರೂ ಚುರುಮುರಿ ತಿಂದು ಮುಗಿಸುವವರೆಗೆ ಅದನ್ನು ತೊಡೆಯ ಮೇಲಿರಿಸಿಕೊಂಡು ಕಣ್ಣು ಮುಚ್ಚಿ ಕುಳಿತೆ.

"ಬಾಯಿ ಬಂದ್ ಆದ್ರ ಮನಿ ಎಷ್ಟ ತಣ್ಣಗೈತಿ!" ಎಂದಳು ಭಾಗವ್ವ. "ಹಿಂಥಾ ಗದಾ ದಿನಾ ಒಂದ ಸಿಗಲಿ."

ನಾನು ಮಾತಾಡಲಿಲ್ಲ. ಒಲಿಯುತ್ತಿರುವ ಆಯುಧ ಮುನಿಸಿಕೊಂಡರೆ?

ಕೋಟೆಯ ಬಾಗಿಲು ತೆರೆಯಿತು. ಆನೆಯಷ್ಟೆತ್ತರದ ರಾಕ್ಷಸ! ಅವನಿಗೆ ಪೆಟ್ಟು ತಾಗಬೇಕಾದರೆ ಮೊತ್ತ ಹದಿನಾರಾಗಬೇಕು ಎಂದಳು ರಂಜನಾ. ಚನಮಲ್ಲಪ್ಪನ ಕಳ್ಳ ತನ್ನ ಕಸುಬಿಗೆ ತಕ್ಕಂತೆ ಕಂಬದ ಹಿಂದೆ ಅಡಗಿದ. ನಾನು ದಾಳ ಉರುಳಿಸಿದೆ. ಹನ್ನೊಂದು! ಮೂವತ್ತೇಳರ ಶಕ್ತಿಗೆ ಕೊಸರು ಹನ್ನೆರಡಾದರೂ ಬರಬೇಡವೇ? ಗೆದ್ದೆ!

"ಎಲವೋ ದುರುಳಾ, ಇದೋ ತೆಗೆದುಕೋ!" ಎಂದು ಗರ್ಜಿಸಿ ಒನಕೆಯನ್ನು ತಲೆಯ ಸುತ್ತ ತಿರುಗಿಸಿ ಬಾರಿಸಿದೆ.

ಫಟಾರ್!

ಒನಕೆ ಬಿದ್ದದ್ದು ನನ್ನ ಆರಾಮಕುರ್ಚಿಯ ತೋಳಿನ ಮೇಲೆ. ತೋಳು ಎರಡು ಹೋಳಾಗಿ, ಕುರ್ಚಿ ಮಗ್ಗುಲಾಗಿ, ಮುಗ್ಗರಿಸಿದ ಒಂಟೆಯಂತೆ ಮಲಗಿತು.

"ರಾಕ್ಷಸಗ ಏನಾತು?" ಎಂದೆ, ಏದುಸಿರಿನಲ್ಲಿ.

"ಏನೂ ಆಗಲಿಲ್ರಿ ಸರ್ರ," ಎಂದಳು ರಂಜನಾ ಪಾಪ, ತುಟಿ ಕಚ್ಚಿಕೊಂಡು. "ಹನ್ನೊಂದಕ್ಕ ನಾಕ ಕೊಸರು, ಹದಿನೈದಾತು. ಒಂದ ಕಡಿಮಿ ಬಿತ್ತು."

"ನಾಕು? ನನ್ನ ಶಕ್ತಿ ಮೂವತ್ತೇಳು!"

"ಗದಾ ಶಕ್ತಿ ಕೂಡಸಂಗಿಲ್ರಿ. ಹಿಡಿದವರದು ಎಷ್ಟ ಇದ್ರೂ ಹತ್ತೊಂಬತ್ತಕ್ಕ ತಂದ ನಿಲ್ಲಸ್ತೈತಿ. ಪೂರಾ ಕೇಳ್ರಿ ಅಂದ್ನೆಲ್ರಿ..."

"ಆತು, ಹದಿನೆಂಟ ಇದ್ದದ್ದು ಹತ್ತೊಂಬತ್ತ ಆತಲ್ಲ! ಅದರ ಕೊಸರು?"

"ಹದಿನೆಂಟಕ್ಕೂ ನಾಕು, ಹತ್ತೊಂಬತ್ತಕ್ಕೂ ನಾಕು. ಕೊಸರು ಹೆಚ್ಚಾಗೂದು ಇಪ್ಪತ್ತಕ್ಕರೀ."

ಅಂದರೆ ಗುರಾಣಿ ಕೊಟ್ಟು, ಮುಲಾಮು ಕೊಟ್ಟು, ಕುದುರೆ ಕೊಟ್ಟು ನಾನು ಕೊಂಡದ್ದು ಸೊನ್ನೆ! ಆಗಮವೆಂದರೆ ಬಂದು ಸೇರುವುದು, ಆದೇಶವೆಂದರೆ ಇದ್ದುದನ್ನು ಸರಿಸಿ ಕೂರುವುದು ಎಂದು ಮೂರು ತಾಲೂಕಿನ ಮಕ್ಕಳ ಕಿವಿ ಹಿಂಡಿ ಕಲಿಸಿದವನು, ಒಂದು ಗದೆಯ ಮುಂದೆ ನಪಾಸಾಗಿದ್ದೆ!

ರಾಕ್ಷಸನ ಸರದಿ ಬಂತು. ಗುರಾಣಿಯಿಲ್ಲದ ವೀರ ರಣಭೈರವ ಒಂದೇ ಹೊಡೆತಕ್ಕೆ ಮೂರ್ಛೆ ಹೋದ. ಕಳ್ಳ ಕಂಬದ ಮರೆಯಿಂದ ಬಂದು ನನ್ನ ಕಾಲು ಹಿಡಿದು ಕೋಟೆಯ ಹೊರಗಿನ ಗುಹೆಗೆ ಎಳೆದೊಯ್ದ. ಮುದುಕಿ ಮುಲಾಮು ಹಚ್ಚಿದಳು. ನನ್ನದೇ ಮುಲಾಮು!

"ಬಿದ್ದವರ ಕೈಯಾಗಿಂದ ಗದಾ ಬಿಟ್ಟಂಗ," ಎಂದಳು ರಂಜನಾ. "ಈಗ ಬ್ಯಾರೆಯವರು ಒಲಿಸ್ಕೋಬಹುದು. ಒಂದ ವಿಶ್ರಾಂತಿ ಬೇಕು."

"ಹಂಗಾರ ಇವರು ಚಾ ಮಾಡ್ಕೊಂಡ ಬರಲಿ," ಎಂದಳು ಭಾಗವ್ವ. ಒನಕೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. "ಒಲಿಸ್ಕೊಳ್ಳೂದೇನೈತಿ? ಈ ಮನಿ ಹೊಕ್ಕ ದಿನದಿಂದ ಒನಕಿ ನನಗ ಒಲದೈತಿ. ಒಲೀದೆ ಉಳದಾವ್ರು ಬ್ಯಾರೆ ಅದಾರ."

"ವೈನಿ, ಛಲೋ ಹೇಳಿದ್ರಿ!" ಎಂದು ಚನಮಲ್ಲಪ್ಪ ತೊಡೆ ತಟ್ಟಿದ. ಗೆಳೆಯನಂತೆ, ಗೆಳೆಯ!

ನಾನು ಚಹಾ ತರುವಷ್ಟರಲ್ಲಿ ಲೋಕ ಬದಲಾಗಿತ್ತು. ಐದು ಶಕ್ತಿಯ ಮುದುಕಿಗೆ ಕೊಸರಿರಲಿ, ಬಿದ್ದ ಅಂಕಿಯಲ್ಲೇ ಮೂರು ಕಳೆಯಬೇಕಾಗಿತ್ತು. ಗದೆ ಅವಳ ಕೈಗೆ ಬಂದೊಡನೆ ಶಕ್ತಿ ಹತ್ತೊಂಬತ್ತು, ಕೊಸರು ನಾಲ್ಕು! ಬಲಿಷ್ಠನಿಗೆ ಕವಡೆಗೂ ಬಾರದ ಆಯುಧ ಬಡವಿಯನ್ನು ಆನೆ ಮಾಡಿತ್ತು. ಮುದುಕಿ ನನ್ನ ಕುದುರೆ ಏರಿ, ನನ್ನ ಗುರಾಣಿ ಹಿಡಿದು ಕೋಟೆಗೆ ನುಗ್ಗಿದಳು. ದಾಳ ಉರುಳಿತು. ಹದಿಮೂರು!

"ನಾಕ ಕೂಡಸಿದ್ರ ಹದಿನೇಳು," ಎಂದಳು ಭಾಗವ್ವ, ಚಹಾ ಗುಟುಕರಿಸುತ್ತ. "ಹೌದಿಲ್ರಿ ಮಾಸ್ತರ್ರ?"

ರಾಕ್ಷಸ ಉರುಳಿದ. ಚನಮಲ್ಲಪ್ಪ ಶಿಳ್ಳೆ ಹೊಡೆದ. ನಾನು, ಕೊಟ್ಟ ಮಾತಿಗೆ ತಪ್ಪದವನಾದ್ದರಿಂದ, ಹೊಲಿಗೆ ಯಂತ್ರದ ಒಂದು ಮಗ್ಗುಲು ಹಿಡಿದೆ. ಕುರ್ಚಿಯನ್ನು ಸರಿಸುವ ಶ್ರಮವಿರಲಿಲ್ಲ. ಅದನ್ನು ಎರಡು ಕಂತುಗಳಲ್ಲಿ ಎತ್ತಿಕೊಂಡು ಹೋದರಾಯಿತು.

ಮರುದಿನ ಬೆಳಿಗ್ಗೆ ಭಾಗವ್ವ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ಒಂದೇ ಸಲಕ್ಕೆ ದಾರ ಪೋಣಿಸಿದಳು. ಪೋಣಿಸಿ, ಬಿಚ್ಚಿ, ಸುಮ್ಮನೆ ಇನ್ನೊಮ್ಮೆ ಪೋಣಿಸಿದಳು. ನಾನು ನಡುಮನೆಯ ಕತ್ತಲಲ್ಲಿ ಸ್ಟೂಲಿನ ಮೇಲೆ ಕುಳಿತು, ಪತ್ರಿಕೆಯ ದೊಡ್ಡ ಅಕ್ಷರದ ತಲೆಬರಹಗಳನ್ನಷ್ಟೇ ಓದಿದೆ. ದೇಶದ ಸಮಾಚಾರಕ್ಕೆ ಅಷ್ಟು ಸಾಕೆಂದು ಆಗಲೇ ತಿಳಿದದ್ದು.

ಈಗ ಮತ್ತೆ ಹಂಗಾಮು ಶುರುವಾಗಿದೆ. ರಂಜನಾ ಪಾಳಿ ಮುಗಿಸಿ ಬಂದವಳು ಭಾಗವ್ವನ ಯಂತ್ರದ ಪಕ್ಕದಲ್ಲಿ ಕುಳಿತು ಆಟದ ನಿಯಮಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಓಣಿಯ ಕುಬುಸದ ಗಿರಾಕಿಗಳೆಲ್ಲ ಆಡಲು ಕಾದಿದ್ದಾರಂತೆ. ಮೊನ್ನೆ ಮೊದಲ ಹಾಳೆಯನ್ನು ನನ್ನ ಕೈಗಿತ್ತು, "ಸರ್ರ, ತಪ್ಪಿದ್ರ ತಿದ್ದಿ ಕೊಡ್ರಿ," ಎಂದಳು. ಕೆಂಪು ಪೆನ್ನು ಹಿಡಿದು, ನನ್ನ ಹಳೆಯ ಗತ್ತಿನಲ್ಲಿ, ಮೊದಲನೆಯ ನಿಯಮ ಓದಿದೆ: 'ನಿಯಮವನ್ನು ಪೂರ್ತಿಯಾಗಿ ಓದಿ ಮುಗಿಸುವವರೆಗೆ ಮಾಸ್ತರರ ಕೈಗೆ ದಾಳವನ್ನಾಗಲಿ, ಒನಕೆಯನ್ನಾಗಲಿ ಕೊಡತಕ್ಕದ್ದಲ್ಲ.'

ಮೂರು ಸಲ ಓದಿದೆ. ಕರ್ಮ ಸರಿ, ವಿಭಕ್ತಿ ಸರಿ, ಕ್ರಿಯಾಪದ ಸರಿ. ಒಂದು ಅಲ್ಪವಿರಾಮವನ್ನೂ ಅಲುಗಾಡಿಸುವಂತಿರಲಿಲ್ಲ. 'ಶಹಬ್ಬಾಸ್' ಎಂದು ಬರೆದು, ರುಜು ಹಾಕಿ ಕೊಟ್ಟೆ.