ದೊಡ್ಡ ಕೋಳಿಗಳಿಗೂ ಅಕ್ಕನಿಗೂ ಜಾಗ ಕೋರಿ

ಇಂದ:
ಮರಗೆಲಸದ ತಮ್ಮ (ಮುಂದೆ ‘ಅರ್ಜಿದಾರ’ ಎಂದು ಕರೆಯಲ್ಪಡುವವನು),
ಹಿತ್ತಲ ಶೆಡ್ಡು, ಕೆಲಸದ ಮೇಜಿನ ಮೇಲೆ.

ಗೆ:
ಮಾನ್ಯ ಅಕ್ಕನವರು,
ನಡುಮನೆಯ ಪಕ್ಕದ ಸಣ್ಣ ಕೋಣೆ (ಸದ್ಯ ಗಂಟುಮೂಟೆ ಕಟ್ಟುತ್ತಿರುವವರು).

ಮೂಲಕ:
ಅರ್ಜಿದಾರನ ಹೆಂಡತಿ, ಅಡುಗೆಮನೆ. (ಇವರು ನಿನ್ನೆಯಿಂದ ಅರ್ಜಿದಾರನ ಸಂಗಡ ಮಾತು ಬಿಟ್ಟಿದ್ದರೂ, ಕಾಗದಪತ್ರವನ್ನು ಶೆಡ್ಡಿನ ಕಿಟಕಿಯಿಂದ ಪಡೆದು ಮುಟ್ಟಿಸಲು ತಲೆಯಾಡಿಸಿ ಒಪ್ಪಿರುತ್ತಾರೆ.)

ವಿಷಯ: ಗಿಡ್ಡ ಕೋಳಿಗಳೂ ದೊಡ್ಡ ಜಾತಿಯ ಕೋಳಿಗಳೂ ಕೂಡಿ ಬಾಳಲು ತಕ್ಕ ಜಾಗ ಗೊತ್ತಾಗಿರುವ ಬಗ್ಗೆ, ಮತ್ತು ತಾವು ಸೋಮವಾರ ಹೊರಡುವುದನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ:
1. ನಿನ್ನೆ ಊಟದ ನಡುವೆ ತಟ್ಟೆ ಸರಿಸಿ ತಾವು ಆಡಿದ ಮಾತು.
2. ಇಂದು ಬೆಳಿಗ್ಗೆ ತಮ್ಮ ಕೆಂಪು ಹುಂಜವು ಅರ್ಜಿದಾರನ ಎಡಗಾಲಿಗೆ ಕೊಟ್ಟ ತಿಳಿವಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನು ಮೇಜಿನ ಮೇಲೆ ಕಾಲು ಮಡಚಿ ಕುಳಿತು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಾವು ಬಾಡಿಗೆಗಿದ್ದ ಮನೆಸಾಲನ್ನು ಮಾಲೀಕರು ಕೆಡವಿಸಿದ ಕಾರಣ, ತಾವು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಆರು ದೊಡ್ಡ ಹೇಂಟೆ ಹಾಗೂ ಕೆಂಪಣ್ಣ ಎಂಬ ಹುಂಜದ ಸಮೇತ ತಮ್ಮನ ಮನೆಗೆ ಬಂದಿರಿ. ಮನೆಯಲ್ಲಿ ಅರ್ಜಿದಾರನ ಹೆಂಡತಿಯವರ ಗಿಡ್ಡ ಕೋಳಿಗಳು ಮೊದಲೇ ಇದ್ದವು. “ಎಲ್ಲಕ್ಕೂ ಸೇರಿಸಿ ಹೊಸ ಗೂಡು ನಾನೇ ಮಾಡ್ತೀನಿ ಅಕ್ಕಾ, ನೀನು ಸುಮ್ನೆ ನೋಡ್ತಿರು” ಎಂದು ಅರ್ಜಿದಾರನು ಎದೆ ತಟ್ಟಿಕೊಂಡದ್ದು ನಿಜ. ತಾವು ಸುಮ್ಮನೆ ನೋಡಿದ್ದೂ ನಿಜ.

2. ಬೀರು ಮಾಡುವವನು ಮೊದಲು ಒಳಗಿಡುವ ಸಾಮಾನನ್ನು ಅಳೆಯುತ್ತಾನೆ. ಸದರಿ ಪದ್ಧತಿಯಂತೆ ಅರ್ಜಿದಾರನು ಕೋಳಿಗಳನ್ನು ಅಳೆಯಲು ಹೊರಟನು. ಹಗಲಿನಲ್ಲಿ ಅವು ಟೇಪಿಗೆ ಸಿಗಲಿಲ್ಲ. ಆದ್ದರಿಂದ ಮುಸ್ಸಂಜೆ ಕಾದಿದ್ದು, ಅವು ಒಂದಕ್ಕೊಂದು ಒತ್ತಿಕೊಂಡು, ಕೊರಳನ್ನು ರೆಕ್ಕೆಯೊಳಗೆ ಹುದುಗಿಸಿ ತೂಕಡಿಸುವಾಗ ಅಳೆದನು. ಇಷ್ಟು ದೊಡ್ಡ ಕೋಳಿಗೆ ಇಷ್ಟು ಸಣ್ಣ ಜಾಗ ಸಾಕಲ್ಲ ಎಂದು ದೇವರ ಕೈಚಳಕಕ್ಕೆ ತಲೆದೂಗಿದನು. ಅದೇ ದೇವರು ಕೋಳಿಗೆ ಬೆಳಗು ಎಂಬುದನ್ನೂ ಕೊಟ್ಟಿದ್ದಾನೆ, ಬೆಳಗಾದರೆ ಅದು ಕೊರಳೆತ್ತುತ್ತದೆ, ರೆಕ್ಕೆ ಬಿಚ್ಚುತ್ತದೆ, ಪಕ್ಕದವಳ ಮೇಲೆ ಜಗಳಕ್ಕೆ ನಿಲ್ಲುತ್ತದೆ ಎಂಬುದು ಅಳತೆಯಲ್ಲಿ ಸೇರಲಿಲ್ಲ.

3. ಹಲಗೆಗಳನ್ನು ಇರುವೆಯೂ ನುಸುಳದಂತೆ ಕೂಡಿಸಲಾಯಿತು. ಆ ಕಾರಣ ಗಾಳಿಯೂ ನುಸುಳಲಿಲ್ಲ. ಮಾರನೆಯ ಬೆಳಿಗ್ಗೆ ಗೂಡಿನ ಒಳಗೋಡೆ ಬೆವರಿ ತೊಟ್ಟಿಕ್ಕುತ್ತಿತ್ತು. ತಾವು ಬಾಗಿಲು ತೆಗೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು, “ಗೂಡು ಮಾಡೋ ಅಂದ್ರೆ ಬೀರು ಮಾಡಿದ್ದೀಯಲ್ಲೋ. ಒಂದು ಬೀಗ ಹಾಕಿದ್ರೆ ಸೀರೆ ಇಡಬಹುದಿತ್ತು” ಎಂದಿರಿ. “ಪಾಲಿಶ್ ಬೇರೆ ಹೊಡೆದಿದ್ದಾರೆ, ನೋಡಿ ಅತ್ತಿಗೆ” ಎಂದು ಹೆಂಡತಿಯವರು ಸೇರಿಸಿದರು. ಪಾಲಿಶ್ ಹೊಡೆದದ್ದನ್ನು ಅರ್ಜಿದಾರನು ಅಲ್ಲಗಳೆಯುವುದಿಲ್ಲ.

4. ಕೂರುವ ಕೋಲನ್ನು ಎತ್ತರದಲ್ಲಿ ಹಾಕಿದ್ದರಿಂದ ಗಿಡ್ಡ ಕೋಳಿಗಳು ಹಾರಿ ಮೇಲೆ ಕುಳಿತವು. ಭಾರದ ಮೈಯ ದೊಡ್ಡವು ಹಾರಲಾರದೆ ಕೆಳಗೆ ಉಳಿದವು. ಮೇಲಿನವರಿಂದ ಕೆಳಗಿನವರ ತಲೆಗೆ ಬೀಳುವುದು ಎಲ್ಲ ಕಚೇರಿಗಳಲ್ಲೂ ಒಂದೇ ಆದ್ದರಿಂದ ಇಲ್ಲಿ ವಿವರಿಸುವುದಿಲ್ಲ. ಕಾಳಿನ ತಟ್ಟೆಯೂ ಒಂದೇ ಇದ್ದ ಕಾರಣ, ಗಿಡ್ಡವು ಕೆಳಗಿಳಿದ ಕೂಡಲೇ ದೊಡ್ಡವು ಕುಕ್ಕಿ ಓಡಿಸಿ ಸೇಡು ತೀರಿಸಿಕೊಂಡವು. ಇದರ ಮೇಲೆ, ತಾವು ದೊಡ್ಡಮ್ಮ ಎಂದು ಕರೆಯುವ ಬೂದು ಹೇಂಟೆಯು ಮೊಟ್ಟೆ ಇಡಲೆಂದು ಗೂಡಿನ ಗೋಡೆಗೆ ಕೂಡಿಸಿದ್ದ ಸಣ್ಣ ಪೆಟ್ಟಿಗೆಯೊಳಗೆ ನುಗ್ಗಿ, ಹೊರಬರಲಾರದೆ, ಕೊನೆಗೆ ಪೆಟ್ಟಿಗೆಯನ್ನೇ ಕಿತ್ತು ಮೈಗೆ ತೊಟ್ಟುಕೊಂಡು ಹಿತ್ತಲ ತುಂಬ ಓಡಿತು. ಅರ್ಜಿದಾರನು ಸ್ಕ್ರೂಡ್ರೈವರ್ ಹಿಡಿದು ಹಿಂದೆ ಓಡಿದನು. ಬೇಲಿಯಾಚೆಯಿಂದ ಮೊಟ್ಟೆ ವ್ಯಾಪಾರಿಯು, “ನಿಮ್ಮ ಸಾಮಾನು ಗಟ್ಟಿ ಅಂತ ಗೊತ್ತಿತ್ತು, ಓಡ್ತದೆ ಅಂತ ಗೊತ್ತಿರಲಿಲ್ಲ” ಎಂದು ಷರಾ ಬರೆದಂತೆ ನುಡಿದು ಮುಂದೆ ಹೋದರು.

5. ಹೀಗಿರುವಾಗ ನಿನ್ನೆ ಊಟಕ್ಕೆ ಕುಳಿತಲ್ಲಿ ತಾವು, “ನಿನ್ನ ಶೆಡ್ಡಲ್ಲಿ ಅರ್ಧ ಬಿಟ್ಟುಕೊಡೋ. ಬಾಗಿಲು ಅಗಲ ಇದೆ, ನೆಲ ಒಣಗಿದೆ” ಎಂದು ಕೇಳಿದಿರಿ. ಸದರಿ ಅರ್ಧದಲ್ಲಿ, ಎಂದಾದರೂ ಬೇಕಾದೀತೆಂದು ಕೂಡಿಟ್ಟ ತುಂಡು ಹಲಗೆಗಳು, ಮೂರು ಕಾಲಿನ ಕುರ್ಚಿ ಮತ್ತು ಯಾವ ಬಾಗಿಲಿಗೂ ಹೊಂದದ ಒಂದು ಚೌಕಟ್ಟು ವಾಸವಾಗಿದ್ದವು. ಅವುಗಳ ಮೇಲಿನ ಮಮಕಾರದಿಂದ ಅರ್ಜಿದಾರನು, “ಜಾಗ ಎಲ್ಲಿದೆ ಅಕ್ಕಾ? ದೊಡ್ಡವನ್ನ ಮಾರಿಬಿಡೋಣ” ಎಂದನು. ತಾವು ತಟ್ಟೆ ಸರಿಸಿದಿರಿ. “ನನ್ನ ಕೋಳಿಗೆ ಜಾಗ ಇಲ್ಲದ ಮನೇಲಿ ನಾನೂ ಇರಲ್ಲ. ಹಿಟ್ಟಿನ ಗಿರಣಿ ಮಾಳಿಗೆ ಮೇಲೆ ಒಂದು ಕೋಣೆ ಖಾಲಿ ಇದೆಯಂತೆ. ಸೋಮವಾರ ಹೋಗ್ತೀನಿ.” ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಅರ್ಜಿದಾರನಿಗೆ ನಿದ್ದೆ ಬರುತ್ತಿತ್ತು.

6. ಈ ಸಂದರ್ಭದಲ್ಲಿ ಹಳೆಯ ಒಂದು ಸಂಗತಿಯನ್ನು ದಾಖಲೆಗೆ ತರಬೇಕಾಗಿದೆ. ಚಿಕ್ಕಂದಿನಲ್ಲಿ ಅಕ್ಕತಮ್ಮಂದಿರಿಬ್ಬರಿಗೂ ಸೇರಿ ಒಂದೇ ಮಂಚವಿತ್ತು. ಅರ್ಜಿದಾರನು ಅದರಲ್ಲಿ ಅಡ್ಡಡ್ಡ ಮಲಗುತ್ತಿದ್ದನು. ತಾವು ಅಂಚಿನಲ್ಲಿ, ಬೀಳದಂತೆ ಒಂದು ಕಾಲನ್ನು ನೆಲಕ್ಕೆ ಊರಿಕೊಂಡು ಮಲಗುತ್ತಿದ್ದಿರಿ. ಆ ಕಾಲದಲ್ಲಿ ತಾವು ಜಾಗ ಕೋರಿ ಯಾರಿಗೂ ಯಾವ ಅರ್ಜಿಯನ್ನೂ ಸಲ್ಲಿಸಿದಂತೆ ಕಂಡುಬರುವುದಿಲ್ಲ.

7. ಇಂದು ಬೆಳಿಗ್ಗೆ ಅರ್ಜಿದಾರನು ದೇವರ ಹೆಸರು ಹೇಳಿ ಶೆಡ್ಡಿನ ಬಾಗಿಲು ತೆಗೆದು, ಚಿಲಕ ಹಾಕುವುದನ್ನು ಮರೆತು ಕೆಲಸಕ್ಕೆ ಕುಳಿತನು. ದೊಡ್ಡಮ್ಮನು ಯಾರ ಅನುಮತಿಯನ್ನೂ ಪಡೆಯದೆ ಒಳಗೆ ಬಂದಳು. ರೆಕ್ಕೆ ಎಲ್ಲಿಯೂ ತಾಗಲಿಲ್ಲ. ಒಂದು ಸುತ್ತು ತಿರುಗಿ ನೋಡಿ, ಮೇಜಿನ ಕೆಳಗೆ ಕೀಸಿದ ಮರದ ಸಿಪ್ಪೆಯ ರಾಶಿಯನ್ನು ಕಾಲಿನಿಂದ ಕೆದರಿ, ಕುಳಿತಳು. ಉಳಿದ ದೊಡ್ಡವು ಬಂದು ತುಂಡು ಹಲಗೆಗಳ ತಗ್ಗು ರಾಶಿಯ ಮೇಲೆ, ಹಾರುವ ಗೋಜಿಲ್ಲದೆ, ಹೆಜ್ಜೆಯಿಟ್ಟು ಹತ್ತಿದವು. ಗಿಡ್ಡವು ತೊಲೆಯ ಮೇಲೆ ಹೋಗಿ ಕುಳಿತವು, ಯಾರ ತಲೆಯೂ ಅದರ ಕೆಳಗಿರಲಿಲ್ಲ. ಸೂರಿನ ಸಂದಿಯಿಂದ ಗಾಳಿ ಬಂದು ಹೋಗುತ್ತಿತ್ತು. ಜಗಳವಿಲ್ಲದ ಕೋಳಿಗಳ ಕೊಕ್ಕೊಕ್ ಸದ್ದು ಭಜನೆಯ ಕೊನೆಯ ಸಾಲಿನಂತೆ ಮೆತ್ತಗಿರುತ್ತದೆ ಎಂಬುದು ಅರ್ಜಿದಾರನಿಗೆ ಈ ವಯಸ್ಸಿನಲ್ಲಿ ತಿಳಿಯಿತು. ಜಾಗ ಹಂಚುವವನು ಬೇರೆ ಇದ್ದಾನೆ, ತಾನು ಟೇಪು ಹಿಡಿದವನು ಮಾತ್ರ ಎಂದು ಕೈಮುಗಿದನು. ಕೈಮುಗಿಯುವಾಗ ಕಾಲು ಚಾಚಿದ್ದರಿಂದ ಕೆಂಪಣ್ಣನು ಕುಕ್ಕಿದನು.

ಆದ್ದರಿಂದ, ಶೆಡ್ಡಿನ ಅರ್ಧವನ್ನಲ್ಲ, ಮೇಜಿನ ಆಚೆಯ ಅಷ್ಟೂ ಭಾಗವನ್ನು ಕೋಳಿಗಳಿಗೆ ಬಿಟ್ಟುಕೊಡಲಾಗಿದೆ. ಕಾಳಿನ ತಟ್ಟೆ ಎರಡಾಗುವುದು. ಮೂರು ಕಾಲಿನ ಕುರ್ಚಿ ಇಂದೇ ಒಲೆಗೆ ಹೋಗುವುದು. ಪಾಲಿಶ್ ಹೊಡೆದ ಗೂಡಿಗೆ ಸಂದಿ ಕೊರೆಯುವುದು ಬಿಟ್ಟು, ಅದನ್ನು ತಮ್ಮ ಕೋಣೆಯಲ್ಲಿಟ್ಟು ಸೀರೆಗಳಿಗೆ ಕೊಡುವುದು, ತಾವೇ ಸೂಚಿಸಿದಂತೆ.

ಕಾರಣ, ತಾವು ದಯಮಾಡಿ ಸೋಮವಾರ ಹೋಗಬಾರದು. ಮಂಗಳವಾರವೂ ಹೋಗಬಾರದು. ಆದೇಶವನ್ನು ಬರೆದು ಕೊಡಬೇಕಾಗಿಲ್ಲ. ಹಾಸಿಗೆ ಸುರುಳಿ ಬಿಚ್ಚಿ ಕೊಡವಿದ ಸದ್ದು ಹಿತ್ತಲಿಗೆ ಕೇಳಿಸಿದರೆ ಅರ್ಜಿ ಮಂಜೂರಾಗಿದೆ ಎಂದು ತಿಳಿಯಲಾಗುವುದು.

ತಮ್ಮ ವಿಶ್ವಾಸಿ,
ಅಡ್ಡಡ್ಡ ಮಲಗುತ್ತಿದ್ದವನು

ಲಗತ್ತುಗಳು:
1. ಶೆಡ್ಡಿನ ಬೀಗದ ಕೈ.
2. ಮೊಟ್ಟೆ, ದೊಡ್ಡದು, ಒಂದು. ಬಿಸಿ ಆರಿಲ್ಲ. (ತೆಗೆದುಕೊಳ್ಳುವಾಗ ಆದ ಗಾಯಗಳ ವಿವರವನ್ನು ಪ್ರತ್ಯೇಕವಾಗಿ ಸಲ್ಲಿಸಲಾಗುವುದು.)

ಪ್ರತಿ: ದೇವರಿಗೆ, ಮಾಹಿತಿಗಾಗಿ.

ವಿಶೇಷ ಸೂಚನೆ: ಮೇಲಿನ ಕೋರಿಕೆಯ ಬಗ್ಗೆ ತಾವು ನಿಧಾನವಾಗಿ ಯೋಚಿಸಬಹುದು. ಆದರೆ ಕೆಂಪಣ್ಣನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದು, ತಮ್ಮ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಕೇಳುತ್ತಿಲ್ಲ. ಅರ್ಜಿದಾರನು ಬೆಳಗಿನಿಂದ ಮೇಜಿನ ಮೇಲೆಯೇ ಇದ್ದಾನೆ. ಊಟದ ಹೊತ್ತಿಗೆ ಮುಂಚೆ ತಾವೊಮ್ಮೆ ಹಿತ್ತಲಿಗೆ ಬಂದು ಹೋಗಬೇಕಾಗಿ ವಿನಂತಿ.