ಗಾಲಿ ಮೇಲಿನ ಮನೆಯಿಂದ ಕೆಲಸ

ರಜೆ ಖರ್ಚು ಮಾಡದೆಯೇ ರಜೆಯ ಮಜಾ ಅನುಭವಿಸುವುದು ಹೇಗೆ ಎಂಬ ಮಹಾನ್ ಸಂಶೋಧನೆ ನನ್ನ ತಲೆಯಲ್ಲಿ ಹೊಳೆದದ್ದು ಸ್ನಾನ ಮಾಡುವಾಗ. (ನನ್ನ ಘನವಾದ ಯೋಚನೆಗಳೆಲ್ಲ ಅಲ್ಲೇ ಹುಟ್ಟುತ್ತವೆ, ಅಲ್ಲೇ ತೊಳೆದುಹೋಗಿದ್ದರೆ ಎಷ್ಟು ಚೆನ್ನಾಗಿತ್ತು!) ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ದೊಡ್ಡ ವ್ಯಾನೊಂದನ್ನು ಬಾಡಿಗೆಗೆ ಹಿಡಿದು ಹೊರಡುವುದು, ಕಚೇರಿಗೆ ಮಾತ್ರ ‘ಮನೆಯಿಂದ ಕೆಲಸ’ ಎಂದು ತಿಳಿಸುವುದು. ಗಾಲಿ ಇದ್ದ ಮಾತ್ರಕ್ಕೆ ಮನೆ ಮನೆಯಲ್ಲವೇ?

“ಊರಾಚೆ ನೆಟ್ ಸಿಗದಿದ್ರೆ?” ಎಂದಳು ಹೆಂಡತಿ.

“ಅದನ್ನೆಲ್ಲ ನನಗೆ ಬಿಡು.”

“ನಿಮಗೆ ಬಿಟ್ಟಿದ್ದಕ್ಕೇ ಅಡುಗೆಮನೆ ನಲ್ಲಿ ಇನ್ನೂ ಸೋರ್ತಿದೆ.”

ಅವಳ ಪ್ರಶ್ನೆಯಲ್ಲಿ ಹುರುಳಿತ್ತು. ನಾನು ಇರುವುದು ವಿಮಾ ಕಂಪನಿಯಲ್ಲಿ. ಪರಿಹಾರಕ್ಕಾಗಿ ಜನ ಹೇಳುವ ಸುಳ್ಳುಗಳನ್ನು ಪತ್ತೆ ಹಚ್ಚುವುದೇ ನನ್ನ ಉದ್ಯೋಗ. ನಮ್ಮ ವಿಭಾಗದ ಮುಖ್ಯಸ್ಥನ ಕುರ್ಚಿ ಖಾಲಿಯಾಗಿತ್ತು. ಅದಕ್ಕೆ ಸಂದರ್ಶನ ಅದೇ ವಾರ, ವಿಡಿಯೋದಲ್ಲಿ. ಆ ಕುರ್ಚಿ ನೋಡಿ ನಾನು ಜೊಲ್ಲು ಸುರಿಸಲು ತೊಡಗಿ ವರ್ಷಗಳೇ ಆಗಿದ್ದವು. ಅದು ಕೈತಪ್ಪಿದರೆ, ನಿನ್ನೆ ಮೊನ್ನೆ ಸೇರಿದ ಹುಡುಗನಿಗೆ ‘ಸಾರ್’ ಅನ್ನಬೇಕು.

ಹಾಗಾಗಿ ಯುದ್ಧಕ್ಕೆ ಹೊರಟವನಂತೆ ಸಿದ್ಧನಾದೆ. ಎರಡು ಕಂಪನಿಗಳ ಸಿಮ್ಮು, ನೆಟ್ ಹಿಡಿದು ಹಂಚುವ ಒಂದು ಡಬ್ಬಿ, ವ್ಯಾನಿನ ಹಿಂಬದಿಯ ಏಣಿಗೆ ಬಿಗಿದ ಉದ್ದನೆಯ ಆಂಟೆನಾ. ನನ್ನ ಹಿಂದೆ ಕಾಣಿಸಲೆಂದು ನಡುಮನೆಯ ನೀಲಿ ಪರದೆಯನ್ನೂ ಬಿಚ್ಚಿ ತಂದಿದ್ದೆ.

ಸಂದರ್ಶನದ ಬೆಳಿಗ್ಗೆ ನಾನು, ಹೆಂಡತಿ, ಜೊತೆಗೆ ಹೊರಟುಬಂದಿದ್ದ ಅತ್ತೆ ಕೆರೆ ದಡದಲ್ಲಿದ್ದೆವು. ಗಾಳಿಗೆ ಅಲುಗದಿರಲಿ ಎಂದು ಆಂಟೆನಾದಿಂದ ಪಕ್ಕದ ಮರಕ್ಕೊಂದು ಹಗ್ಗ ಬಿಗಿದೆ. ನೆಟ್ಟೋ, ಹರಿಯುವ ನೀರು! ಮೇಲೆ ಕೋಟು, ಟೈ, ಕೆಳಗೆ ಚಡ್ಡಿ. ಪರದೆಯ ಮುಂದೆ ಕೂತು ಇನ್ನೇನು ಗಂಟಲು ಸರಿಮಾಡಿಕೊಳ್ಳಬೇಕು, ನೆಟ್ಟು ಮಂಗಮಾಯ. ಹೊರಗೆ ಓಡಿ ನೋಡಿದರೆ ನನ್ನ ಹಗ್ಗದ ಮೇಲೆ ಒದ್ದೆ ಬೆಡ್‌ಶೀಟುಗಳ ಸಾಲು! ಅವುಗಳ ಭಾರಕ್ಕೆ ಆಂಟೆನಾ ಬಗ್ಗಿ ನೆಲಕ್ಕೆ ನಮಸ್ಕಾರ ಮಾಡುತ್ತಿತ್ತು. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದವರು ಅತ್ತೆ.

“ಅಯ್ಯೋ ಅತ್ತೆ, ಇದೇನು ಮಾಡಿದ್ರಿ?”

“ಹಗ್ಗ ಕಟ್ಟಿದ್ರಲ್ಲ! ಅಳಿಯಂದ್ರಿಗೆ ಈಗಲಾದ್ರೂ ಮನೆಕೆಲಸದ ಕಡೆ ಗಮನ ಬಂತಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ?”

ಆಂಟೆನಾ ಎತ್ತಿ ನಿಲ್ಲಿಸಲು ಹೋದೆ. ಲಟಕ್ಕನೆ ಮುರಿದು ಕೈಗೇ ಬಂತು. “ಹೋಯ್ತು! ನನ್ನ ಕುರ್ಚಿ ಹೋಯ್ತು!” ಎಂದು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟೆ. ನಿಜವಾಗಿಯೂ ಅಳು ಬಂತು ಮಾರಾಯರೇ.

“ಅತ್ತಿದ್ದು ಸಾಕು, ಒಳಗೆ ಹೋಗಿ ಕೂತ್ಕೊಳ್ಳಿ,” ಎಂದು ಹೆಂಡತಿ ಸ್ಟಿಯರಿಂಗ್ ಹಿಡಿದಳು. “ಬರ್ತಾ ಗುಡ್ಡದ ಮೇಲೆ ಜನ ಫೋನ್ ಹಿಡ್ಕೊಂಡು ಕಿರುಚಾಡ್ತಿದ್ದದ್ದು ನೋಡ್ಲಿಲ್ವಾ? ನೆಟ್ ಇರೋದು ಅಲ್ಲೇ.”

ಗುಡ್ಡದ ಅರ್ಧಕ್ಕೇ ನೆಟ್ಟು ಬಂತು, ಫೋನಿನಲ್ಲಿ ಸಂದರ್ಶನದ ಸಾಹೇಬರೂ ಬಂದರು. ವ್ಯಾನು ಏರುತ್ತಲೇ ಇತ್ತು.

“ಅದೇನ್ರೀ ಸದ್ದು?”

“ಮೇಲಿನ ಮನೆಯಲ್ಲಿ ಗೋಡೆ ಕೊರೀತಿದ್ದಾರೆ ಸಾರ್. ಹೊಸ ಕಪಾಟಂತೆ. ಬಿಳಿ ಬಣ್ಣದ್ದು. ಮೂರು ಬಾಗಿಲಿಂದು.”

“ಹೌದಾ? ಸರಿ, ಸುಳ್ಳು ಹೇಳೋರನ್ನ ನೀವು ಹೇಗೆ ಕಂಡುಹಿಡೀತೀರಿ?”

“ಬಹಳ ಸುಲಭ ಸಾರ್,” ಎಂದೆ ಗತ್ತಿನಿಂದ. “ಕೇಳಿದ್ದಕ್ಕಿಂತ ಹೆಚ್ಚು ವಿವರ ಕೊಡ್ತಾರೆ.”

ಅದೇ ಹೊತ್ತಿಗೆ ತಿರುವು ಬಂತು. ಪರದೆ ಕಳಚಿ ನನ್ನ ತಲೆ ಮೇಲೆ ಬಿತ್ತು. ತಡವರಿಸಿ ಬಿಡಿಸಿಕೊಂಡು ನೋಡಿದರೆ, ಸಾಹೇಬರು ಕಣ್ಣು ಬಿಟ್ಟುಕೊಂಡು ನನ್ನ ಹಿಂದಿನ ಕಿಟಕಿಯನ್ನೇ ನೋಡುತ್ತಿದ್ದಾರೆ. ಅಲ್ಲಿ ಮರಗಳು ಓಡುತ್ತಿದ್ದವು. ಒಂದಷ್ಟು ಮೇಕೆಗಳೂ ಹಾದುಹೋದವು.

“ನಿಮ್ಮ ಮನೆ ಎಲ್ಲಿಗ್ರೀ ಹೊರಟಿದೆ?”

ಎಲ್ಲವನ್ನೂ ಒಪ್ಪಿಕೊಂಡೆ, ಚಡ್ಡಿಯ ವಿಷಯ ಸಮೇತ. (ಅದನ್ನು ಅವರು ಕೇಳಿರಲಿಲ್ಲ.) ಸಾಹೇಬರು ಮತ್ತೆ ಕಿಟಕಿಯತ್ತ ಕಣ್ಣು ಕಿರಿದಾಗಿಸಿದರು.

“ಅಲ್ರೀ, ಗುಡ್ಡ ಹತ್ತುತ್ತಾ ಇದ್ರೂ ಲೈನ್ ಕಟ್ಟಾಗ್ಲಿಲ್ವಲ್ಲ! ಹಳ್ಳಿ ಹಳ್ಳಿಗೆ ಹೋಗೋ ನಮ್ಮ ಕಂಪನಿ ವ್ಯಾನು ಊರು ದಾಟಿದ್ರೆ ಸಂಜೆವರೆಗೂ ಪತ್ತೆ ಇರಲ್ಲ. ಈ ಏರ್ಪಾಡೆಲ್ಲ ಯಾರದ್ದು?”

ನನ್ನದೇ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಅವತ್ತಿನ ಸುಳ್ಳಿನ ದಾಸ್ತಾನು ಮುಗಿದಿತ್ತು. “ನನ್ನ ಹೆಂಡತಿಯದ್ದು ಸಾರ್. ನೆಟ್ ಇರೋ ಗುಡ್ಡ ಗುರುತಿಸಿದ್ದೂ ಅವಳೇ, ಗಾಡಿ ಓಡಿಸ್ತಿರೋದೂ ಅವಳೇ,” ಎಂದೆ.

“ಅವರಿಗೆ ಕೊಡ್ರೀ ಫೋನು.”

ಗುಡ್ಡದ ತುದಿಯಲ್ಲಿ ಗಾಡಿ ನಿಲ್ಲಿಸಿ ಅವಳು ಮಾತಾಡಿದಳು. ನಾನು ಟೈ, ಚಡ್ಡಿಯಲ್ಲಿ ಹೊರಗೆ ನಿಂತು ಅವಳ ನಗು ಕೇಳಿಸಿಕೊಂಡೆ.

ಕುರ್ಚಿ ಆ ಹುಡುಗನಿಗೇ ಹೋಯಿತು. ಕಂಪನಿಯ ಸಂಚಾರಿ ಕಚೇರಿ ಎಂಬ ಆ ವ್ಯಾನಿಗೆ ನನ್ನ ಹೆಂಡತಿ ಮುಖ್ಯಸ್ಥೆಯಾದಳು. ಅವಳಿಗೊಬ್ಬ ಅನುಭವಿ ಸಹಾಯಕ ಬೇಕಿತ್ತಂತೆ. ಸಾಹೇಬರು ನನ್ನನ್ನು ದಯಪಾಲಿಸಿದರು. ಇಷ್ಟು ದಿನ ಮನೆಗೆ ಮಾತ್ರ ಸೀಮಿತವಾಗಿದ್ದ ಆಡಳಿತ ಈಗ ಕಚೇರಿಗೂ ವಿಸ್ತರಿಸಿದೆ.

ಊರೂರು ಅಲೆದು ಸೊಂಟ ಬಿದ್ದುಹೋಗಿ, ಮೊನ್ನೆ ರಜೆ ಅರ್ಜಿ ಬರೆದು ಮೇಲಧಿಕಾರಿಯವರಿಗೆ ಸಲ್ಲಿಸಿದೆ. ಸ್ಟಿಯರಿಂಗ್ ಮುಂದಿನ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಅದನ್ನು ಮಡಿಚಿ ವಾಪಸ್ ಕೊಟ್ಟಳು.

“ರಜೆ ಯಾಕ್ರೀ ನಿಮಗೆ? ದಿನಾ ಊರು ಸುತ್ತಿಸ್ತಾ ಇಲ್ವಾ ನಾನು?”